ತಪ್ಪೇ ಆಗದ ಆಸ್ಪತ್ರೆ

ಹುಬ್ಬಳ್ಳಿಯಲ್ಲಿ ಖಾನಾವಳಿ ನಡೆಸುವ ಶಂಕ್ರವ್ವ ಪಿತ್ತಕೋಶದ ಆಪರೇಷನ್ನಿನಲ್ಲಿ ಎರಡು ಸಲ ಸತ್ತು, ಮೂರನೆಯ ಸಲಕ್ಕೆ ಬದುಕಿದ್ದಳು. ಅದರಲ್ಲಿ ಯಾರಿಗೂ ಆಶ್ಚರ್ಯವಿರಲಿಲ್ಲ. ಆಪರೇಷನ್ ಕೋಣೆಗಳಿಗೆ ಕಾಲವನ್ನು ಹಿಂದಕ್ಕೆ ತಿರುಗಿಸುವ ಯಂತ್ರ ಬಂದ ಮೇಲೆ, ವೈದ್ಯರು ಕೈ ತಪ್ಪಿದಾಗಲೆಲ್ಲ ಗುಂಡಿ ಒತ್ತಿ ಮತ್ತೆ ಮೊದಲಿನಿಂದ ಕೊಯ್ಯುತ್ತಿದ್ದರು. ಕಾಗದದಲ್ಲಿ ತಪ್ಪು ಉಳಿಯುತ್ತಿರಲಿಲ್ಲ. ಸತ್ತ ನೆನಪು ಮಾತ್ರ ರೋಗಿಗೆ ಉಳಿಯುತ್ತಿತ್ತು. ಅದಕ್ಕೊಂದು ಗುಳಿಗೆ ಬರೆದುಕೊಡುತ್ತಿದ್ದರು.

ಅವಳಿಗೆ ಇನ್ನೂ ಹರ್ನಿಯಾ ಆಪರೇಷನ್ ಬಾಕಿ ಇತ್ತು. ಅಷ್ಟರಲ್ಲಿ ಅವಳ ಪಿತ್ತಕೋಶ ಕೊಯ್ದಿದ್ದ ಡಾಕ್ಟರ್ ಇನಾಮದಾರರು ನಗುನಗುತ್ತ ಮಂಚದ ಬಳಿ ಬಂದರು.

"ಶಂಕ್ರವ್ವಾರ, ಬರೋ ತಿಂಗಳದಾಗ ರೋಗಿಗಳ ಸುರಕ್ಷತೆ ಬಗ್ಗೆ ದೊಡ್ಡ ಸಮ್ಮೇಳನ ಐತಿ. ಒಂದೂ ತಪ್ಪು ಮಾಡಿಲ್ಲಂತ ನನಗ ಸನ್ಮಾನ. ನೀವು ವೇದಿಕಿ ಮ್ಯಾಲ ಬಂದು ಎರಡು ಒಳ್ಳೆ ಮಾತು ಹೇಳಬೇಕ್ರಿ."

"ಎರಡು ಸಲ ಸತ್ತೀನಲ್ರೀ ಸಾಹೇಬ್ರ, ಸಲಕ್ಕೊಂದು ಹೇಳತೀನಿ ಬಿಡ್ರಿ."

ಡಾಕ್ಟರರ ನಗು ಸಣ್ಣದಾಯಿತು. ಬಾಗಿಲ ಕಡೆ ನೋಡಿ, ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ದನಿ ತಗ್ಗಿಸಿದರು.

"ಸಾಯೋವಾಗ ಭಾಳ ತ್ರಾಸ ಆಗತದೇನ್ರಿ? ನನಗೂ ಪಿತ್ತಕೋಶದಾಗ ಹರಳು ಆಗ್ಯಾವ."

"ಇಲ್ಲೇ ತೆಗಿಸ್ಕೋರಿ ಮತ್ತ."

"ಇಲ್ಯಾಕ್ರೀ? ಗದಗಿನಾಗ ಯಂತ್ರ ಇಲ್ಲದ ಒಂದು ಹಳೇ ದವಾಖಾನಿ ಐತಿ. ಅಲ್ಲಿ ಭಾಳ ನೋಡ್ಕೊಂಡು ಕೊಯ್ತಾರ."

ಶಂಕ್ರವ್ವ ಮೆಲ್ಲಗೆ ಎದ್ದು ಕುಳಿತು ಸೆರಗು ಸರಿಪಡಿಸಿಕೊಂಡಳು.

"ಹಂಗಾರ ನನ್ನ ಹರ್ನಿಯಾಕ್ಕೂ ಅಲ್ಲೇ ಹೇಳಿಡ್ರಿ. ಒಂದೇ ಸಲಕ್ಕ ಬದುಕಿ ಬಂದ್ನೆಂದ್ರ, ನಿಮ್ಮ ಸಮ್ಮೇಳನದಾಗ ಎಷ್ಟು ಬೇಕಾದ್ರೂ ಹೊಗಳತೀನಿ."

ಡಾಕ್ಟರರು ಅಲ್ಲೇ ಗದಗಿಗೆ ಫೋನ್ ಹಚ್ಚಿ, ಎರಡು ಮಂಚ ಕಾದಿರಿಸಲು ಹೇಳಿದರು.