ಓಗೊಟ್ಟವನು

"ಹೀಗೆ ಕಿರುಚಿದ್ರೆ ಇಲ್ಲಿ ನಾಯೀನೂ ಕಿವಿ ನಿಮಿರಿಸಲ್ಲ," ಎಂದಳು ಥೆಲ್ಮಾ, ಒಗೆದ ಅಂಗಿಯನ್ನು ತಂತಿಗೆ ಹರವುತ್ತ.

ಬೇಲಿಯಾಚೆ ನಿರ್ದೇಶಕಿ ಇಮೋಜೆನ್ ಕೈಯೆತ್ತಿ ಚಿತ್ರೀಕರಣ ನಿಲ್ಲಿಸಿದಳು. ಮೈತುಂಬ ಸುಳ್ಳು ರಕ್ತ ಬಳಿದುಕೊಂಡ ನಟಿ ಕೆಂಪು ದೂಳಿನಲ್ಲಿ ಎದ್ದು ಕೂತಳು.

"ಯಾಕೆ ಥೆಲ್ಮಾ?" ಎಂದಳು ಇಮೋಜೆನ್.

"ವರ್ಷಕ್ಕೊಂದು ತಂಡ ಬರುತ್ತೆ ಮಗಳೇ. ಸಿಡ್ನಿಯಿಂದ ಹುಡುಗೀರನ್ನ ಕರ್ಕೊಂಡು ಬಂದು ಇಲ್ಲಿ ಕೊಂದು ಹೋಗ್ತೀರಿ. ಕಿರುಚಾಟ ಅಂದ್ರೆ ನಮಗೆ ಸಿನಿಮಾ, ಅಷ್ಟೇ. ನಿಜವಾಗಿ ದಾರಿ ತಪ್ಪಿದವರು ಕಿರುಚಲ್ಲ. ಕೂಈ ಅಂತಾರೆ."

ಗದ್ದ ಮೇಲೆತ್ತಿ ಕೂಗಿ ತೋರಿಸಿದಳು. 'ಕೂ' ಉದ್ದಕ್ಕೆ ಹರಿಯಿತು, 'ಈ' ಚಾಟಿಯ ತುದಿಯಂತೆ ಚಿಮ್ಮಿತು.

ಜಗಲಿಯ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಅವಳ ಗಂಡ ಕ್ಲಾರಿ ತಟ್ಟನೆ ತಲೆಯೆತ್ತಿದ. "ಕೂ-ಈ!" ಎಂದು ಓಗೊಟ್ಟು, ಬೂಟಿಗಾಗಿ ಕಾಲಲ್ಲೇ ತಡಕತೊಡಗಿದ.

"ನಿನ್ನನ್ನಲ್ಲ ಮುದುಕಾ, ಕೂತ್ಕೋ. ಇದು ಆಟ." ಥೆಲ್ಮಾ ನಕ್ಕಳು. "ನನ್ನ ಹೆಸರು ಮರೆತಿದ್ದಾನೆ, ಇದನ್ನ ಮರೆತಿಲ್ಲ ನೋಡು. ಕೇಳಿಸಿದವನು ಓಗೊಡಬೇಕು, ಹೊರಡಬೇಕು. ಇವನು ಎಲ್ಲಾದ್ರೂ ನಡೆದುಬಿಟ್ರೆ ನಾನು ಹುಡುಕೋದೂ ಹೀಗೇ."

"ನಮ್ಮ ಹುಡುಗಿಗೂ ಕಲಿಸ್ತೀರಾ?" ಇಮೋಜೆನ್ ನಟಿಯತ್ತ ಕೈ ತೋರಿಸಿದಳು.

ಥೆಲ್ಮಾಗೆ ಹೆಮ್ಮೆಯೆನಿಸಿತು. ಕಲಿಸಿದಳು.

ಮರುದಿನ ಪೊದೆಗಾಡಿನಿಂದ ಆ ಕೂಗು ಬಂದಾಗ ಊರಿನ ಪಬ್ಬಿನಲ್ಲಿದ್ದವರೆಲ್ಲ ಲೋಟ ಬಿಟ್ಟು ಟ್ರಕ್ ಹತ್ತಿ ಓಡಿದರು. ಕ್ಯಾಮೆರಾ ಕಂಡು, ಬೈದುಕೊಳ್ಳುತ್ತ ಮರಳಿದರು. ಅದರ ಮಾರನೆಯ ದಿನ ಕೂತಲ್ಲೇ ಕತ್ತು ಹೊರಳಿಸಿದರು. ಆಮೇಲೆ ಅದೂ ಇಲ್ಲ. ಕ್ಲಾರಿಯನ್ನು ಮಾತ್ರ ಥೆಲ್ಮಾ ಪ್ರತಿ ಕೂಗಿಗೂ ಹಿಡಿದು ಕೂರಿಸಬೇಕಾಗುತ್ತಿತ್ತು.

ಚಿತ್ರೀಕರಣದ ಕೊನೆಯ ದಿನ, ಊಟವಾದ ಮೇಲೆ, ಅವಳಿಗೆ ಮಂಪರು ಹತ್ತಿತು. ಕಣ್ಣು ಬಿಟ್ಟಾಗ ಬಿಸಿಲು ಇಳಿದಿತ್ತು. ಕುರ್ಚಿ ಖಾಲಿ. ಬೂಟುಗಳಿರಲಿಲ್ಲ. ಪೊದೆಗಾಡಿಗೆ ಹೋಗುವಾಗ ಒಯ್ಯಲೆಂದು ತುಂಬಿಟ್ಟ ನೀರಿನ ಚೀಲ ಮೊಳೆಯಲ್ಲೇ ತೂಗುತ್ತಿತ್ತು.

ಅವಳು ಏದುಸಿರು ಬಿಡುತ್ತ ಬಂದಾಗ ತಂಡ ಸಾಮಾನು ಕಟ್ಟುತ್ತಿತ್ತು.

"ನಮ್ಮವನು ಈ ಕಡೆ ಬಂದ್ನಾ?"

"ಯಾರೂ ಬರಲಿಲ್ವಲ್ಲ..." ಇಮೋಜೆನ್ ತಂಡದ ಧ್ವನಿಮುದ್ರಕನ ಮುಖ ನೋಡಿದಳು. ಅವನು ಕಿವಿಯ ಮೇಲಿನ ಹೆಡ್‌ಫೋನನ್ನು ಮೆಲ್ಲಗೆ ಕೆಳಗಿಳಿಸಿದ.

"ಯಾರೋ ಓಗೊಡ್ತಾನೇ ಇದ್ರು," ಎಂದ. "ನಮ್ಮ ಹುಡುಗಿ ಕೂಗಿದಾಗೆಲ್ಲ. ಪಬ್ಬಿನವರ ಕೀಟಲೆ ಅಂದ್ಕೊಂಡ್ವಿ. ಶಾಟ್ ಕೆಡುತ್ತೆ ಅಂತ ಇನ್ನೂ ಒಳಗೆ ಹೋದ್ವಿ, ಅಲ್ಲೂ ಕೇಳಿಸ್ತು. ಇನ್ನೂ ಒಳಗೆ ಹೋದ್ವಿ."

"ಆಮೇಲೆ?"

"ಆಮೇಲೆ ಕೇಳಿಸಲಿಲ್ಲ. ಶಾಟ್ ಸಿಕ್ತು."

ಇಮೋಜೆನ್ ಜೀಪಿನತ್ತ ಓಡಿದಳು. ಥೆಲ್ಮಾ ಪೊದೆಗಾಡಿಗೆ ಮುಖ ಮಾಡಿ ಗದ್ದ ಮೇಲೆತ್ತಿದಳು. ಕೂಗಿದಳು. ಉಸಿರು ಬಿಗಿಹಿಡಿದು ಆಲಿಸಿದಳು. ಮತ್ತೆ ಕೂಗಿದಳು.

ಗಾಳಿ ಆ ಕೂಗನ್ನು ಪಬ್ಬಿನ ಜಗಲಿಯವರೆಗೂ ಹೊತ್ತು ತಂದಿತು. ಕುಡಿಯುತ್ತ ಕೂತವರಲ್ಲಿ ಯಾರೂ ಏಳಲಿಲ್ಲ.

"ಇವತ್ತು ನಟಿ ಬೇರೆ ಇರ್ಬೇಕು ಕಣ್ರೋ," ಎಂದ ಪಬ್ಬಿನ ಯಜಮಾನ, ಲೋಟ ಒರೆಸುತ್ತಲೇ. "ಆ ಹುಡುಗಿಗಿಂತ ಇವಳೇ ವಾಸಿ."