ಬಾಸ್ ಗಿಟಾರ್ ಯಾರಿಗೆ ಕೇಳ್ತದೆ?

ದುಬೈಯ ಮದುವೆ ಹಾಲ್‌ನಲ್ಲಿ ಎಲ್ಲರನ್ನೂ ಕುಣಿಸುವ ಬೈಲಾ ಹಾಡು ರಂಗೇರಿದ್ದಾಗಲೇ ಫಿಯೋನಾ ವೇದಿಕೆ ಹತ್ತಿ ಗಂಡ ಲಾಯ್ಡ್‌ನ ಕೈ ಹಿಡಿದೆಳೆದಳು. "ಒಂದು ಮದುವೆಯಲ್ಲಾದ್ರೂ ನನ್ನೊಟ್ಟಿಗೆ ಡ್ಯಾನ್ಸ್ ಮಾಡಿ ಮಾರಾಯ್ರೆ. ನಿಮ್ಮ ಬಾಸ್ ಗಿಟಾರ್ ಯಾರಿಗೆ ಕೇಳ್ತದೆ?"

ಹತ್ತು ವರ್ಷದಿಂದ ಮೂಲೆಯಲ್ಲಿ ನಿಂತು ಗುಂ ಗುಂ ಎಂದು ಅದದೇ ನಾಲ್ಕು ಸ್ವರ ಬಾರಿಸಿದವನಿಗೂ ಹೌದೆನಿಸಿತು. ಗಿಟಾರ್ ಕೆಳಗಿಟ್ಟು ಇಳಿದ. ಹಾಡು ನಿಲ್ಲಲಿಲ್ಲ, ಕೀಬೋರ್ಡ್, ಡ್ರಮ್ಸ್ ಎಲ್ಲ ಹಾಗೇ ಇದ್ದವು. ಆದರೂ ಕುಣಿತ ಸಪ್ಪೆಯಾಯಿತು. ಮದುಮಗ ಹೆಜ್ಜೆ ತಪ್ಪಿ ಮದುಮಗಳ ಗೌನು ತುಳಿದ. ಅಲ್ ಕುಸೈಸ್ ಬಡಾವಣೆಯ ಆಂಟಿಯರೆಲ್ಲ ಕುರ್ಚಿ ಹುಡುಕಿಕೊಂಡರು.

ಫಿಯೋನಾ ತಡವರಿಸುತ್ತಿದ್ದ ತನ್ನ ಕಾಲುಗಳನ್ನು ನೋಡಿದಳು, ಆಮೇಲೆ ಗಂಡನನ್ನು. ನಗುತ್ತಾ ಅವನನ್ನು ವೇದಿಕೆಯತ್ತ ದಬ್ಬಿದಳು. "ಯಲ್ಲಾ, ಬೇಗ ಬೇಗ ಹೋಗಿ ಬಾರಿಸಿ!"

ಮೊದಲ ಸ್ವರಕ್ಕೇ ಆಂಟಿಯರು ಎದ್ದರು. ಗದ್ದಲದ ನಡುವಿನಿಂದ ಫಿಯೋನಾ ಕೂಗಿದಳು: "ಇಷ್ಟು ವರ್ಷ ನಾನು ನಿಮ್ಮೊಟ್ಟಿಗೇ ಡ್ಯಾನ್ಸ್ ಮಾಡಿದ್ದು ಮಾರಾಯ್ರೆ!"