ಇನ್ನೂರ ಹನ್ನೆರಡು ಹೊಲಿಗೆ

ಕಂಪನಿಯ ವಕೀಲ ಕೌದಿಯ ಮೂಲೆಯನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, “ಸ್ವಾಮಿ, ಇದನ್ನ ಹೊದ್ದುಕೊಂಡು ಮಲಗಬಹುದು. ದಾಖಲೆ ಅಂತ ಹೇಗೆ ಒಪ್ಪೋದು?” ಎಂದ. ವಿಚಾರಣೆಯ ಕೋಣೆಯಲ್ಲಿ ನಗು ಹರಡಿತು. ಕೌದಿ ಹೊಲಿದ ದರ್ಜಿಯಮ್ಮ ನಗಲಿಲ್ಲ. “ಕೈ ತೊಳೆದಿದ್ದೀರಾ?” ಎಂದು ಕೇಳಿದಳು. ವಕೀಲ ಮೂಲೆಯನ್ನು ಬಿಟ್ಟ.

ಮೇಜಿನ ತುಂಬ ಹರಡಿದ್ದ ಆ ಕೌದಿ ಒಂದು ಊರು. ಇಪ್ಪತ್ತೆರಡು ವರ್ಷದ ಹಿಂದೆ ಪರದೇಶಿ ದೊರೆಗಳ ಸೈನಿಕರು ಒಂದೇ ಬೆಳಗ್ಗೆ ಸುಟ್ಟು ನೆಲಸಮ ಮಾಡಿ, ಕಂಪನಿಯ ದನಗಳಿಗೆ ಬಿಟ್ಟುಕೊಟ್ಟ ಊರು. ಆಮೇಲೆ ದೊರೆಗಳು ಗಂಟುಮೂಟೆ ಕಟ್ಟಿದರು. ಕಂಪನಿ ಉಳಿಯಿತು, ಅದರ ನಕ್ಷೆಯೂ ಉಳಿಯಿತು. ಅದರಲ್ಲಿ ಹಳ್ಳದ ಮೇಲೊಂದು ಕಲ್ಲಿನ ಸೇತುವೆ, ಆಚೆಗೂ ಈಚೆಗೂ ‘ಖಾಲಿ ಜಾಗ’. ನೆಲ ವಾಪಸು ಕೇಳಿ ಅರ್ಜಿ ಹಾಕಿದ ಊರಿನವರ ಕಾಗದಪತ್ರಗಳು ಮನೆಗಳ ಜೊತೆಗೇ ಬೂದಿಯಾಗಿದ್ದವು. ನಿರಾಶ್ರಿತರ ತಗಡಿನ ಶೆಡ್ಡುಗಳಲ್ಲಿ ಮುದುಕಿಯರು ಒಬ್ಬೊಬ್ಬರಾಗಿ ಕಣ್ಣು ಮುಚ್ಚುತ್ತಿದ್ದರು, ಅವರ ಜೊತೆ ಒಂದೊಂದು ಓಣಿಯೂ ಹೋಗುತ್ತಿತ್ತು. ಅದನ್ನು ತಡೆಯಲಾರದೆ ದರ್ಜಿಯಮ್ಮ ಸೂಜಿ ಹಿಡಿದಿದ್ದಳು. ಯಾವ ಮನೆಯೋ ಆ ಮನೆಯವರದೇ ಹಳೆ ಬಟ್ಟೆ: ಕುಂಬಾರನ ಮನೆಗೆ ಅವನ ಮಣ್ಣು ಹಿಡಿದ ಚಡ್ಡಿ, ಸೂಲಗಿತ್ತಿಯ ಮನೆಗೆ ಅವಳ ತಲೆವಸ್ತ್ರ. ಬಾವಿಯ ನೀಲಿ ಮಾತ್ರ ದರ್ಜಿಯಮ್ಮನ ಗಂಡನ ಅಂಗಿಯದು. ಆ ಬೆಳಗ್ಗೆ ಅದು ಗುಂಡಿ ಹಾಕಿಸಿಕೊಳ್ಳಲು ಅವಳ ಮಡಿಲಲ್ಲಿತ್ತು. ತೊಡಬೇಕಾದವನು ಸೇತುವೆ ದಾಟಿ ಬರಲಿಲ್ಲ.

“ಅಲ್ಲಿ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ,” ಎಂದ ವಕೀಲ. “ಮನಸ್ಸಿಗೆ ಬಂದದ್ದನ್ನೆಲ್ಲ ಹೊಲಿದರೆ ಊರಾಗುತ್ತಾ?”

“ಮನಸ್ಸಿಗೆ ಬಂದದ್ದಲ್ಲ, ಕಾಲಿಗೆ ಗೊತ್ತಿದ್ದದ್ದು,” ಎಂದಳು ದರ್ಜಿಯಮ್ಮ. “ಒಂದು ಹೊಲಿಗೆ ಅಂದ್ರೆ ಒಂದು ಹೆಜ್ಜೆ. ಬಾವಿಯಿಂದ ಸೇತುವೆಗೆ ಇನ್ನೂರ ಹನ್ನೆರಡು. ನಮ್ಮೂರ ಹೆಂಗಸರಿಗೆಲ್ಲ ಬಾಯಿಪಾಠ.”

“ಮೊದಲು ಇನ್ನೂರ ಹತ್ತೇ ಹೊಲಿದಿದ್ದಳು,” ಎಂದು ಪಕ್ಕದಲ್ಲಿದ್ದ ನಾದಿನಿ ಬಾಯಿ ಹಾಕಿದಳು. “ಜಗಳ ಆಡಿ ಎರಡು ಸೇರಿಸಿದ್ದು ನಾನು.”

ಆಯೋಗದ ನ್ಯಾಯಾಧೀಶರು ಕೌದಿಯ ಮೇಲೆ ಬಾಗಿ, ನೀಲಿ ಬಟ್ಟೆಯಿಂದ ಸೇತುವೆಯವರೆಗೆ ಬೆರಳಿಟ್ಟು ಎಣಿಸಿದರು. “ಸೇತುವೆ ಕಂಪನಿಯ ನಕ್ಷೆಯಲ್ಲೂ ಇದೆಯಲ್ಲ,” ಎಂದರು ಕೊನೆಗೆ. “ನಡೀರಿ, ಹೋಗಿ ನೋಡೋಣ. ಬಾವಿ ಸಿಗದಿದ್ದರೆ ಇವತ್ತೇ ಅರ್ಜಿ ವಜಾ.”

ಎರಡು ಜೀಪು ಹಳ್ಳದ ಬಳಿ ನಿಂತವು. ಸೊಂಟದೆತ್ತರ ಹುಲ್ಲು. ದರ್ಜಿಯಮ್ಮ ಸೇತುವೆಯ ಕಟ್ಟೆಗೆ ಬೆನ್ನು ಕೊಟ್ಟು, ವಕೀಲನ ನಗೆಯನ್ನೇ ನೆನೆಯುತ್ತ ಬುಸುಗುಟ್ಟಿಕೊಂಡು ನಡೆದಳು. ಇನ್ನೂರ ಹನ್ನೆರಡಕ್ಕೆ ನಿಂತು, “ಇಲ್ಲೇ,” ಎಂದಳು. ನೆಲ ಅಳೆಯಲು ಜೊತೆಗೆ ಬಂದಿದ್ದ ಮೋಜಣಿದಾರನ ಆಳುಗಳು ಅಗೆದರು. ಮೊಣಕಾಲುದ್ದ ಅಗೆದರೂ ಮಣ್ಣು, ಇನ್ನೂ ಅಗೆದರೂ ಮಣ್ಣು. ವಕೀಲ ಗಡಿಯಾರ ನೋಡಿಕೊಂಡ. ನಲವತ್ತು ಮನೆಯವರು ತನ್ನ ಸೂಜಿಯನ್ನು ನಂಬಿ ಶೆಡ್ಡಿನಲ್ಲಿ ಕಾಯುತ್ತಿದ್ದರು.

“ಅತ್ತಿಗೆ, ನೀನು ನಡೆದದ್ದು ನೋಡಿದ್ಯಾ?” ಎಂದಳು ನಾದಿನಿ. “ಸಾಲ ವಸೂಲಿಗೆ ಹೊರಟವಳ ಹಾಗೆ ದಾಪುಗಾಲು. ನಾವು ಹೆಜ್ಜೆ ಎಣಿಸ್ತಿದ್ದದ್ದು ಯಾವಾಗ? ಹೋಗುವಾಗ ಕೊಡ ಖಾಲಿ, ಎಣಿಸೋ ಗೊಡವೆ ಯಾರಿಗಿತ್ತು? ಬರುವಾಗ ತಾನೇ? ಸೇತುವೆ ಕಟ್ಟೆ ಸಿಕ್ಕಿದರೆ ಇಳಿಸಿ ಉಸಿರು ಬಿಡೋಣ ಅಂತ.”

ದರ್ಜಿಯಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ಸುತ್ತ ಕಣ್ಣಾಡಿಸಿದಳು. ಕೊಡ ಎಲ್ಲಿ ಸಿಗಬೇಕು? ಜೀಪಿನಲ್ಲಿ ವಕೀಲನ ಕಡತಗಳ ತಗಡಿನ ಟ್ರಂಕಿತ್ತು.

“ಅದನ್ನ ಕೊಡಿ,” ಎಂದಳು.

“ಅದರಲ್ಲಿ ಕಂಪನಿಯ ದಾಖಲೆಗಳಿವೆ,” ಎಂದ ವಕೀಲ.

“ಭಾರ ಇದೆಯಲ್ಲ, ಅಷ್ಟು ಸಾಕು.”

ನ್ಯಾಯಾಧೀಶರು ಮೀಸೆಯ ಮೇಲೆ ಕೈ ಇಟ್ಟುಕೊಂಡು, “ಕೊಡಿ ವಕೀಲರೇ,” ಎಂದರು. ಸೇತುವೆಗೆ ಮರಳಿದ ಮೇಲೆ ಮೋಜಣಿದಾರನೂ ನಾದಿನಿಯೂ ಸೇರಿ ಟ್ರಂಕನ್ನು ಅವಳ ತಲೆಗೆ ಏರಿಸಿದರು. ಇಪ್ಪತ್ತೆರಡು ವರ್ಷವಾಗಿದ್ದರೂ ಅವಳ ಕತ್ತಿಗೆ ಆ ಭಾರ ನೆನಪಿತ್ತು. ಬೆನ್ನು ತಾನಾಗಿ ನೆಟ್ಟಗಾಯಿತು, ಹೆಜ್ಜೆ ತಾನಾಗಿ ಚಿಕ್ಕದಾಯಿತು. ಸಿಟ್ಟು ಎಲ್ಲಿ ಹೋಯಿತೋ. ಮೊದಲು ತೋಡಿದ ಗುಂಡಿಗೆ ಇನ್ನೂ ಇಪ್ಪತ್ತು ಮಾರು ಇರುವಾಗಲೇ ಇನ್ನೂರ ಹನ್ನೆರಡು ಮುಗಿದು ಅವಳು ನಿಂತಳು. ಕೈ ತೋರಿಸಲಿಲ್ಲ, ಕಾಲಿನಿಂದ ನೆಲವನ್ನು ತಟ್ಟಿದಳು.

ಎರಡು ಮೊಳ ಅಗೆಯುವಷ್ಟರಲ್ಲಿ ಹಾರೆ ಠಣ್ ಎಂದಿತು.

“ಯಾವುದೋ ಕಲ್ಲು,” ಎಂದ ವಕೀಲ. ಆಳುಗಳು ಮಣ್ಣು ಸರಿಸಿದರು. ಒಂದು ಕಲ್ಲು, ಅದರ ಪಕ್ಕ ಇನ್ನೊಂದು, ಆಮೇಲೆ ದುಂಡಗೆ ಬಾಗಿ ಹೋದ ಕಲ್ಲಿನ ಸಾಲು. ನ್ಯಾಯಾಧೀಶರು ಮೊಣಕಾಲೂರಿ ಕಲ್ಲಿನ ಅಂಚನ್ನು ಕರವಸ್ತ್ರದಿಂದ ಒರೆಸಿದರು. ಅಂಚಿನುದ್ದಕ್ಕೂ ಹಗ್ಗ ಸವೆಸಿದ ಗೀರುಗಳಿದ್ದವು, ಒಂದೊಂದೂ ಬೆರಳು ಕೂರುವಷ್ಟು ಆಳ.

“ಖಾಲಿ ಜಾಗದಲ್ಲಿ ಇಷ್ಟು ನೀರು ಸೇದಿದವರು ಯಾರು, ವಕೀಲರೇ?” ಎಂದು ಕೇಳಿದರು.

ನಾದಿನಿ ಗೀರೊಂದರಲ್ಲಿ ಬೆರಳಿಟ್ಟು ಕೂತುಬಿಟ್ಟಿದ್ದಳು. ಮೋಜಣಿದಾರ ಕಂಪನಿಯ ನಕ್ಷೆಯನ್ನು ಜೀಪಿನ ಬಾನೆಟ್ಟಿನ ಮೇಲೆ ಹಾಸಿ, ಪೆನ್ಸಿಲ್ಲಿನಲ್ಲಿ ಒಂದು ಸಣ್ಣ ವೃತ್ತ ಬರೆದ.

ಕೊನೆಗೆ ವಕೀಲ, “ಅಮ್ಮಾ, ಬಾವಿ ಸಿಕ್ಕಿತಲ್ಲ. ನನ್ನ ಟ್ರಂಕು ಇಳಿಸಿ,” ಎಂದ.

“ಇರಲಿ ಬಿಡಿ,” ಎಂದಳು ದರ್ಜಿಯಮ್ಮ. ಅವಳಾಗಲೇ ಸೇತುವೆಯ ಕಡೆ ತಿರುಗಿದ್ದಳು. “ಇನ್ನೂ ನಲವತ್ತು ಮನೆ ಇವೆ.”